ಎರಡು ಬಿಲ್ಲೆ, ಒಂದೇ ಕಾಗದ: ಸೂಪರ್‌ಕಂಡಕ್ಟರ್ ಕಿಟ್ ಕೊಂಡ ಅನುಭವ

ನಾನು ತಿಪಟೂರಿನ ಒಂದು ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತೇನೆ. ಕಳೆದ ಎರಡು ವರ್ಷದಲ್ಲಿ ಎರಡು ಸೂಪರ್‌ಕಂಡಕ್ಟರ್ ಕಿಟ್ ಕೊಂಡಿದ್ದೇನೆ. ಸೂಪರ್‌ಕಂಡಕ್ಟರ್ ಅಂದರೆ ತುಂಬಾ ತಣಿಸಿದಾಗ ಕರೆಂಟಿಗೆ ಒಂದಿಷ್ಟೂ ತಡೆ ಒಡ್ಡದ ವಸ್ತು. ಕಿಟ್‌ನಲ್ಲಿ ಅಂಥ ವಸ್ತುವಿನ ಒಂದು ಬಿಲ್ಲೆ, ಅದರ ಮೇಲೆ ತೇಲಿಸಲು ಒಂದು ಆಯಸ್ಕಾಂತ ಇರುತ್ತವೆ. ಎರಡೂ ಬೆಂಗಳೂರಿನ ಒಂದೇ ಲ್ಯಾಬ್ ಸಾಮಾನಿನ ಅಂಗಡಿಯಿಂದ ಕೊರಿಯರ್‌ನಲ್ಲಿ ತರಿಸಿದ್ದು. ಚಿಕ್ಕ ಕಿಟ್‌ಗೆ 4,800 ರೂಪಾಯಿ ಕೊಟ್ಟೆ, ದೊಡ್ಡದಕ್ಕೆ 13,500. ಕೊಳ್ಳಬೇಕು ಅಂತ ಯೋಚಿಸುತ್ತಿರುವ ಬೇರೆ ಕಾಲೇಜಿನ ಮೇಷ್ಟ್ರುಗಳಿಗೆ ಉಪಯೋಗ ಆಗಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ. ಬಿಲ್ಲೆಗಳು ಎರಡೂ ಚೆನ್ನಾಗಿವೆ. ಜೊತೆಗೆ ಬರುವ ವಿವರಣೆಯ ಕಾಗದ ಮಾತ್ರ ದಾರಿ ತಪ್ಪಿಸುತ್ತದೆ. ಅದನ್ನು ನಂಬಿ ನನ್ನ ಹುಡುಗರು ಒಂದಿಡೀ ಮಧ್ಯಾಹ್ನ ಒಳ್ಳೆ ಬಿಲ್ಲೆಯನ್ನು ಕೆಟ್ಟಿದೆ ಅಂದುಕೊಂಡಿದ್ದರು.

ಸೆಕೆಂಡ್ ಪಿಯುಸಿ ಪುಸ್ತಕದಲ್ಲಿ ಮೈಸ್ನರ್ ಪರಿಣಾಮಕ್ಕೆ ಸಿಗುವುದು ಕೆಲವೇ ಸಾಲು. ಸೂಪರ್‌ಕಂಡಕ್ಟರ್ ತನ್ನೊಳಗಿನ ಕಾಂತಕ್ಷೇತ್ರವನ್ನು ಹೊರಗೆ ಹಾಕುತ್ತದೆ, ಮುಗಿಯಿತು. ಬೋರ್ಡಿನ ಮೇಲೆ ಒಂದು ಗೋಳ ಬರೆದು, ಅದರ ಸುತ್ತ ಗೆರೆ ಬಗ್ಗಿಸಿ ತೋರಿಸಿ ಮುಂದೆ ಹೋಗುವುದು ನಮಗೆಲ್ಲ ಅಭ್ಯಾಸ. ಇಪ್ಪತ್ತು ವರ್ಷ ನಾನೂ ಅದನ್ನೇ ಮಾಡಿದ್ದೇನೆ. ಒಂದು ವರ್ಷ ಒಬ್ಬ ಹುಡುಗ ಎದ್ದು, "ಮೇಡಂ, ಇದನ್ನ ನೀವು ಕಣ್ಣಾರೆ ನೋಡಿದ್ದೀರಾ?" ಅಂತ ಕೇಳಿದ. ನೋಡಿರಲಿಲ್ಲ. ಅವತ್ತೇ ಕಿಟ್ ತರಿಸಬೇಕು ಅಂತ ತೀರ್ಮಾನ ಮಾಡಿದೆ.

ಚಿಕ್ಕ ಕಿಟ್‌ನಲ್ಲಿ ಬಂದದ್ದು ಇಷ್ಟು: 25 ಮಿಲಿಮೀಟರ್ ಅಗಲದ ಒಂದು ಕಪ್ಪು ಬಿಲ್ಲೆ, ನಾಣ್ಯದ ಆಕಾರದ ಒಂದು ನಿಯೋಡಿಮಿಯಂ ಆಯಸ್ಕಾಂತ, ಪ್ಲಾಸ್ಟಿಕ್ ಚಿಮಟ, ಥರ್ಮೋಕೋಲ್ ಬಟ್ಟಲು, ಮಡಚಿದ ಒಂದು ಕಾಗದ. ಬಿಲ್ಲೆ ನೋಡಲು ಒತ್ತಿ ಮಾಡಿದ ಇದ್ದಿಲಿನ ಥರ ಇದೆ. ಯಿಟ್ರಿಯಂ, ಬೇರಿಯಂ, ತಾಮ್ರ, ಆಕ್ಸಿಜನ್ ಸೇರಿದ ವಸ್ತು ಇದು. ಲೋಹಗಳು 1, 2, 3ರ ಲೆಕ್ಕದಲ್ಲಿ ಇರುವುದರಿಂದ ಇದನ್ನು 'ಒನ್ ಟೂ ತ್ರೀ' ಅಂತಲೂ ಕರೆಯುತ್ತಾರೆ. ಸುಮಾರು 93 ಕೆಲ್ವಿನ್‌ಗಿಂತ ಕೆಳಗೆ, ಅಂದರೆ ಮೈನಸ್ 180 ಡಿಗ್ರಿಗೆ ಇಳಿಸಿದರೆ ಇದು ಸೂಪರ್‌ಕಂಡಕ್ಟರ್ ಆಗುತ್ತದೆ.

ಆ 93 ಇದೆಯಲ್ಲ, ಅದರಿಂದಲೇ ಇಂಥ ಕಿಟ್ ನಮ್ಮ ಕೈಗೆ ಬಂದಿರುವುದು. 1911ರಲ್ಲಿ ಹಾಲೆಂಡಿನ ಲೈಡನ್‌ನಲ್ಲಿ ಕ್ಯಾಮರ್ಲಿಂಗ್ ಓನ್ಸ್ ಪಾದರಸದಲ್ಲಿ ಈ ಗುಣ ಕಂಡಾಗ ಮೈನಸ್ 269 ಡಿಗ್ರಿವರೆಗೆ ಇಳಿಯಬೇಕಿತ್ತು. ಅದಕ್ಕೆ ದ್ರವ ಹೀಲಿಯಂ ಬೇಕು. ನಮ್ಮಂಥ ಕಾಲೇಜಿಗೆ ಅದು ಆಗದ ಮಾತು. 1986ರಲ್ಲಿ ಬೆಡ್ನಾರ್ಟ್ಸ್ ಮತ್ತು ಮ್ಯುಲ್ಲರ್ ಎಂಬ ವಿಜ್ಞಾನಿಗಳು ತಾಮ್ರದ ಆಕ್ಸೈಡ್‌ಗಳಲ್ಲಿ ಹೊಸ ದಾರಿ ತೆರೆದರು. ಮರುವರ್ಷವೇ ಅಮೆರಿಕದಲ್ಲಿ ವೂ ಮತ್ತು ಚೂ ಅವರ ತಂಡಗಳು ಯಿಟ್ರಿಯಂ ಸೇರಿಸಿ 93ಕ್ಕೆ ತಲುಪಿದವು. ದ್ರವ ನೈಟ್ರೋಜನ್ ಕುದಿಯುವುದು 77 ಕೆಲ್ವಿನ್‌ನಲ್ಲಿ, ಮೈನಸ್ 196 ಡಿಗ್ರಿ. ಹೀಗಾಗಿ ನೈಟ್ರೋಜನ್ ಸಾಕಾಯಿತು. ಅದೇ 1987ರಲ್ಲಿ ಬೆಂಗಳೂರಿನ ಐಐಎಸ್ಸಿಯಲ್ಲಿ ಸಿ.ಎನ್.ಆರ್. ರಾವ್ ಅವರ ತಂಡ ಈ ಮಿಶ್ರಣದಲ್ಲಿ ನಿಜವಾದ ಸೂಪರ್‌ಕಂಡಕ್ಟರ್ ಭಾಗ ಯಾವುದು ಅಂತ ಗುರುತಿಸಿ ಪ್ರಕಟಿಸಿತು. ಈ ಬಿಲ್ಲೆಯ ಕಥೆಯಲ್ಲಿ ನಮ್ಮ ಬೆಂಗಳೂರೂ ಇದೆ ಅಂದಾಗ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಾರೆ.

ಈಗ ನೈಟ್ರೋಜನ್ ವಿಷಯ. ಕಿಟ್ ಕೊಳ್ಳುವ ಮುಂಚೆ ಇದನ್ನು ಯೋಚಿಸಿ. ಅಂಗಡಿಯವರು ನೈಟ್ರೋಜನ್ ಕೊಡುವುದಿಲ್ಲ, ಎಲ್ಲಿ ಸಿಗುತ್ತದೆ ಅಂತಲೂ ಹೇಳುವುದಿಲ್ಲ. ನನಗೆ ಸಹಾಯ ಮಾಡಿದವರು ನಮ್ಮ ವಿದ್ಯಾರ್ಥಿನಿಯೊಬ್ಬಳ ಅಪ್ಪ. ಅವರು ಹಳ್ಳಿಗಳಲ್ಲಿ ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡುವವರು. ಹಸು ಬೆದೆಗೆ ಬಂದಿದೆ ಅಂತ ಫೋನ್ ಬಂದರೆ ಬೈಕಿಗೆ ಕ್ಯಾನ್ ಕಟ್ಟಿಕೊಂಡು ಹೊರಡುತ್ತಾರೆ. ಹೋರಿಯ ವೀರ್ಯ ತುಂಬಿದ ಸಣ್ಣ ಸಣ್ಣ ಸ್ಟ್ರಾಗಳು ಆ ಕ್ಯಾನ್ ಒಳಗೆ ದ್ರವ ನೈಟ್ರೋಜನ್‌ನಲ್ಲೇ ಮುಳುಗಿರುತ್ತವೆ. ನಮ್ಮ ಜಿಲ್ಲೆಯಲ್ಲಿ ದ್ರವ ನೈಟ್ರೋಜನ್ ಬಗ್ಗೆ ದಿನಾ ಕೈಯಲ್ಲಿ ಹಿಡಿದು ತಿಳಿದವರು ಯಾರಾದರೂ ಇದ್ದರೆ ಇವರೇ. ತುಮಕೂರಿನ ಗ್ಯಾಸ್ ಡೀಲರ್ ಹತ್ತಿರ ನಾನು ದುಡ್ಡು ಕೊಟ್ಟು ಐದು ಲೀಟರ್ ತುಂಬಿಸಿದೆ. ಖಾಲಿ ಕ್ಯಾನ್ ಕೊಟ್ಟವರು ಅವರು, ಪಾಠ ಹೇಳಿಕೊಟ್ಟವರೂ ಅವರೇ.

"ಮೇಡಂ, ಮೊದ್ಲು ಬಳೆ, ಉಂಗುರ ತೆಗೆದಿಡಿ" ಅಂದರು. "ಒಂದು ಹನಿ ಒಳಗೆ ಸಿಕ್ಕೊಂಡ್ರೆ ಚರ್ಮ ಸುಟ್ಟಂಗೆ ಆಗುತ್ತೆ. ಮುಚ್ಚಳ ಯಾವತ್ತೂ ಬಿಗಿ ಮಾಡ್ಬೇಡಿ. ಕಿಟಕಿ ಎಲ್ಲಾ ತೆಗೀರಿ." ಬಟ್ಟೆಯ ಕೈಗವಸು ಬೇಡ, ಅದು ಹೀರಿಕೊಂಡು ಕೈಗೆ ಅಂಟಿಕೊಳ್ಳುತ್ತದೆ, ಸಡಿಲವಾದ ಚರ್ಮದ ಕೈಗವಸು ಹಾಕಿಕೊಳ್ಳಿ ಅಂತಲೂ ಹೇಳಿದರು. ಒಂದು ಲೀಟರ್ ದ್ರವ ಕೋಣೆಯಲ್ಲಿ ಸುಮಾರು 700 ಲೀಟರ್ ಅನಿಲ ಆಗುತ್ತದೆ. ಮುಚ್ಚಿದ ಕೋಣೆಯಾದರೆ ಉಸಿರಾಡುವ ಗಾಳಿಯನ್ನೇ ಪಕ್ಕಕ್ಕೆ ತಳ್ಳುತ್ತದೆ. ಕಾರಿನಲ್ಲಿ ತರುವಾಗ ಗಾಜು ಇಳಿಸಿಕೊಂಡೇ ಬಂದೆವು. ಇದರಲ್ಲಿ ಒಂದು ಮಾತೂ ಕಿಟ್‌ನ ಕಾಗದದಲ್ಲಿ ಇಲ್ಲ. ಮಕ್ಕಳು ಮುಟ್ಟುವ ವಸ್ತು ಮಾರುವವರು ಇದನ್ನು ಬಿಡಬಾರದಿತ್ತು. ನನಗೆ ನಿಜವಾಗಿಯೂ ಬೇಸರ ಆಗಿದ್ದು ಇಲ್ಲೇ.

ಮೊದಲ ದಿನ ಲ್ಯಾಬಿನಲ್ಲಿ ನಲವತ್ತು ಜನ. ಬಿಲ್ಲೆಯನ್ನು ಬಟ್ಟಲಲ್ಲಿಟ್ಟು ಆಯಸ್ಕಾಂತವನ್ನು ಅದರ ಮೇಲೆ ಕೂರಿಸಿ ನೈಟ್ರೋಜನ್ ಸುರಿದೆ. ಕಾದ ಹೆಂಚಿನ ಮೇಲೆ ನೀರು ಬಿದ್ದ ಹಾಗೆ ಸದ್ದು. ಬಿಳಿ ಹೊಗೆ ಟೇಬಲ್ಲಿನ ಅಂಚಿನಿಂದ ಕೆಳಗೆ ಇಳಿಯಿತು. ಸ್ವಲ್ಪ ಹೊತ್ತಿಗೆ ಕುದಿತ ನಿಂತಿತು. ಆಯಸ್ಕಾಂತ ಒಂದು ಸಲ ಅಲುಗಿ, ತಾನಾಗಿಯೇ ಮೇಲೆದ್ದು, 5 ಮಿಲಿಮೀಟರ್ ಎತ್ತರದಲ್ಲಿ ನಿಂತಿತು. ಯಾರೂ ಮಾತಾಡಲಿಲ್ಲ. ಮೊದಲು ಪ್ರಶ್ನೆ ಕೇಳಿದ್ದ ಆ ಹುಡುಗ ಅಷ್ಟು ಹೊತ್ತಿಗೆ ಪಾಸಾಗಿ ಹೋಗಿದ್ದ. ಅವನಿಗೆ ವಿಡಿಯೋ ಕಳಿಸಿದೆ.

ಕೊಟ್ಟಿದ್ದ ಪ್ಲಾಸ್ಟಿಕ್ ಚಿಮಟ ಅದೇ ದಿನ ಚಳಿಗೆ ಬಿರುಸಾಗಿ ಮುರಿಯಿತು. ಸ್ಟೀಲ್ ಚಿಮಟಕ್ಕೆ ಆಯಸ್ಕಾಂತ ಅಂಟುತ್ತದೆ, ಅದು ಬೇಡ. ನಮ್ಮ ಅಟೆಂಡರ್ ಬಿದಿರು ಸೀಳಿ ಒಂದು ಮಾಡಿಕೊಟ್ಟರು. ಈಗಲೂ ಅದನ್ನೇ ಬಳಸುತ್ತೇವೆ.

ಇನ್ನೊಂದು ಎಚ್ಚರಿಕೆ. ತಣ್ಣಗಿನ ಬಿಲ್ಲೆಯನ್ನು ಹೊರಗೆ ತೆಗೆದರೆ ಅದರ ಮೇಲೆ ಹಿಮ ಕಟ್ಟುತ್ತದೆ, ಆಮೇಲೆ ನೀರಾಗುತ್ತದೆ. ನಾವು ಒರೆಸಿ ಡಬ್ಬಿಗೆ ಹಾಕಿಟ್ಟೆವು. ಮಳೆಗಾಲ ಕಳೆದು ತೆಗೆದಾಗ ಅಂಚಿನಲ್ಲಿ ಬಿಳಿ ಪುಡಿ. ಈ ವಸ್ತುವಿಗೆ ನೀರು ಆಗುವುದಿಲ್ಲ. ತೇವ ತಗುಲಿದರೆ ಬೇರಿಯಂ ಬಿಟ್ಟುಕೊಂಡು, ಗಾಳಿಯ ಇಂಗಾಲದ ಡೈಆಕ್ಸೈಡ್ ಸೇರಿ, ಬೇರಿಯಂ ಕಾರ್ಬೊನೇಟ್ ಆಗುತ್ತದೆ. ಆಯಸ್ಕಾಂತ ಈಗಲೂ ತೇಲುತ್ತದೆ, ಆದರೆ ಮೊದಲಿನಷ್ಟು ಎತ್ತರ ಇಲ್ಲ. ಈಗ ಪ್ರತಿ ಸಲ ಟೇಬಲ್ ಲ್ಯಾಂಪಿನ ಕೆಳಗೆ ಚೆನ್ನಾಗಿ ಒಣಗಿಸಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಇಡುತ್ತೇನೆ. ಕಿಟ್ ಬಂದ ದಿನದಿಂದಲೇ ಹೀಗೆ ಮಾಡಿ.

ದೊಡ್ಡ ಕಿಟ್ ಬಂದದ್ದು ಮರುವರ್ಷ. 28 ಮಿಲಿಮೀಟರ್ ಅಗಲ, 10 ಮಿಲಿಮೀಟರ್ ದಪ್ಪ. ಕೈಯಲ್ಲಿ ಹಿಡಿದರೆ ಕಲ್ಲಿನ ತೂಕ. ಮೇಲ್ಮುಖದ ನಡುವಿನಿಂದ ನಾಲ್ಕು ಗೆರೆ ಕೂಡು ಗುರುತಿನ ಹಾಗೆ ಅಂಚಿನವರೆಗೆ ಹೋಗಿವೆ. ಈ ಗೆರೆ ಇದ್ದರೆ ಖುಷಿ ಪಡಿ. ಚಿಕ್ಕ ಬಿಲ್ಲೆ ಪುಡಿಯನ್ನು ಒತ್ತಿ ಸುಟ್ಟು ಮಾಡಿದ್ದು. ಒಳಗೆ ಲಕ್ಷಾಂತರ ಸಣ್ಣ ಕಣಗಳು, ಒಂದಕ್ಕೊಂದು ಅರೆಬರೆ ಅಂಟಿಕೊಂಡಿರುತ್ತವೆ. ದೊಡ್ಡದನ್ನು ಮಾಡುವಾಗ ಸಾವಿರ ಡಿಗ್ರಿಗಿಂತ ಜಾಸ್ತಿ ಕಾಯಿಸಿ ಅರೆ ಕರಗಿಸುತ್ತಾರೆ. ನಡುವೆ ಒಂದು ಪುಟ್ಟ ಹರಳನ್ನು ಬೀಜದಂತೆ ಇಟ್ಟು ತುಂಬಾ ನಿಧಾನವಾಗಿ ತಣಿಸುತ್ತಾರೆ. ಇಡೀ ಬಿಲ್ಲೆ ಒಂದೇ ಹರಳಿನ ಹಾಗೆ ಬೆಳೆಯುತ್ತದೆ. ಆ ನಾಲ್ಕು ಗೆರೆ ಬೀಜದಿಂದ ಹರಳು ಬೆಳೆದ ಗುರುತು.

ಡಬ್ಬಿಯಲ್ಲಿ ಅದೇ ಹಳೇ ಕಾಗದ ಇತ್ತು. ಅಕ್ಷರ ಅಕ್ಷರ ಅದೇ. "ಆಯಸ್ಕಾಂತವನ್ನು ಬಿಲ್ಲೆಯ ಮೇಲಿಟ್ಟು ತಣಿಸಿ. ಅದು ತಾನಾಗಿ ಮೇಲೇಳುತ್ತದೆ. ಸಜಾತಿ ಧ್ರುವಗಳು ವಿಕರ್ಷಿಸುವಂತೆ ಬಿಲ್ಲೆ ಆಯಸ್ಕಾಂತವನ್ನು ತಳ್ಳುತ್ತದೆ."

ಹಾಗೇ ಮಾಡಿದೆವು. ಏಳಲಿಲ್ಲ. ಇನ್ನಷ್ಟು ಸುರಿದೆವು. ಏಳಲಿಲ್ಲ. ಮುಂದಿನ ಸಾಲಿನಲ್ಲಿ ಒಬ್ಬಳು ಮೆಲ್ಲಗೆ, "ಮೇಡಂ, ಹದಿಮೂರು ಸಾವಿರ..." ಅಂದಳು. ವಾಪಸ್ ಕಳಿಸೋಣ ಅಂತ ಎಲ್ಲರೂ ಅಂದರು. ಅಷ್ಟರಲ್ಲಿ ಕ್ಯಾನ್ ತಂದುಕೊಟ್ಟಿದ್ದ ಆ ಅಪ್ಪ ಬಾಗಿಲ ಹತ್ತಿರ ನಿಂತು ನೋಡುತ್ತಿದ್ದರು. ಬಿದಿರಿನ ಚಿಮಟ ತೆಗೆದುಕೊಂಡು ಆಯಸ್ಕಾಂತವನ್ನು ಎತ್ತಿದರು. ಆಯಸ್ಕಾಂತದ ಜೊತೆ ಬಿಲ್ಲೆಯೂ ಮೇಲೆ ಬಂತು. ಎರಡರ ನಡುವೆ ಕೂದಲೆಳೆಯಷ್ಟು ಸಂದು. "ಇದು ತಳ್ತಾ ಇಲ್ಲ ಮೇಡಂ, ಹಿಡ್ಕೊಂಡಿದೆ" ಅಂದರು.

ಅವರ ಮಾತೇ ಸರಿ. ಅವತ್ತು ಉಳಿದ ಪಾಠವನ್ನೆಲ್ಲ ಆ ಒಂದು ಮಾತಿನ ಮೇಲೆ ಮಾಡಿದೆ.

ಮೊದಲು ಮಾಮೂಲಿ ಆಯಸ್ಕಾಂತ ತೆಗೆದುಕೊಳ್ಳಿ. ಎರಡು ಬಳೆ ಆಯಸ್ಕಾಂತಗಳನ್ನು ಪೆನ್ಸಿಲ್ಲಿಗೆ ಪೋಣಿಸಿದರೆ ಮೇಲಿನದು ತೇಲುತ್ತದೆ. ಪೆನ್ಸಿಲ್ ತೆಗೆದ ತಕ್ಷಣ ಪಲ್ಟಿ ಹೊಡೆದು ಅಂಟಿಕೊಳ್ಳುತ್ತದೆ. 1842ರಲ್ಲೇ ಅರ್ನ್‌ಶಾ ಎಂಬ ಇಂಗ್ಲಿಷ್ ಗಣಿತಜ್ಞ ತೋರಿಸಿದ್ದ ಲೆಕ್ಕದ ಪ್ರಕಾರ ಬರೀ ಕಾಯಂ ಆಯಸ್ಕಾಂತಗಳನ್ನು ಹೇಗೆ ಜೋಡಿಸಿದರೂ ಆಸರೆ ಇಲ್ಲದೆ ಸ್ಥಿರವಾಗಿ ತೇಲಿಸಲು ಆಗುವುದಿಲ್ಲ. ಹಾಗಾಗಿ 'ಸಜಾತಿ ಧ್ರುವಗಳ ಹಾಗೆ ತಳ್ಳುತ್ತದೆ' ಅನ್ನುವ ವಿವರಣೆ ಅಷ್ಟಕ್ಕೇ ನಿಂತುಬಿಟ್ಟರೆ ಸಾಲದು. ಆಯಸ್ಕಾಂತ ಪಕ್ಕಕ್ಕೆ ಜಾರಿ ಬೀಳಬೇಕಲ್ವಾ? ಯಾಕೆ ಬೀಳುವುದಿಲ್ಲ?

ಮೈಸ್ನರ್ ಮತ್ತು ಓಕ್ಸೆನ್‌ಫೆಲ್ಡ್ 1933ರಲ್ಲಿ ಕಂಡದ್ದು ಹೀಗೆ. ಸೂಪರ್‌ಕಂಡಕ್ಟರ್ ಆದ ಕೂಡಲೇ ಅದರ ಮೇಲ್ಮೈಯಲ್ಲಿ ಕರೆಂಟ್ ಹರಿಯಲು ಶುರುವಾಗುತ್ತದೆ. ತಡೆ ಇಲ್ಲ, ಹಾಗಾಗಿ ಅದು ನಿಲ್ಲುವುದಿಲ್ಲ. ಆ ಕರೆಂಟಿನಿಂದ ಹುಟ್ಟುವ ಕಾಂತಕ್ಷೇತ್ರ, ಒಳಗೆ ಮೊದಲೇ ಇದ್ದ ಕ್ಷೇತ್ರವನ್ನು ಸರಿಯಾಗಿ ಅಳಿಸಿಹಾಕುತ್ತದೆ. ಬರೀ ತಡೆ ಇಲ್ಲದ ತಂತಿಯಂಥ ವಸ್ತು ಆಗಿದ್ದರೆ ಮೊದಲೇ ಇದ್ದ ಕ್ಷೇತ್ರ ಹಾಗೇ ಉಳಿಯಬೇಕಿತ್ತು. ಉಳಿಯಲಿಲ್ಲ, ಹೊರಗೆ ಹೋಯಿತು. ಸೀಸದಂಥ ಲೋಹದಲ್ಲಿ ಹೀಗೇ ಆಗುತ್ತದೆ. 1940ರ ದಶಕದಲ್ಲಿ ರಷ್ಯಾದ ಅರ್ಕಾಡಿಯೆವ್ ಸೀಸದ ಮೇಲೆ ಆಯಸ್ಕಾಂತ ತೇಲಿಸಿ ತೋರಿಸಿದರು. ಆದರೆ ಅವರು ಬಳಸಿದ ಸೀಸ ಬಟ್ಟಲಿನ ಹಾಗೆ ತಗ್ಗಾಗಿತ್ತು. ಚಪ್ಪಟೆ ಇದ್ದರೆ ಆಯಸ್ಕಾಂತ ಪಕ್ಕಕ್ಕೆ ಜಾರುತ್ತಿತ್ತು. ನನ್ನ ಬಿಲ್ಲೆ ಚಪ್ಪಟೆ. ಆದರೂ ಆಯಸ್ಕಾಂತ ಜಾರುವುದಿಲ್ಲ, ತಲೆಕೆಳಗು ಮಾಡಿದರೂ ಬೀಳುವುದಿಲ್ಲ. ಹಾಗಾದರೆ ಇಲ್ಲಿ ತಳ್ಳುವುದರ ಜೊತೆ ಇನ್ನೇನೋ ನಡೆಯುತ್ತಿದೆ.

ನಮ್ಮ ಕಪ್ಪು ಬಿಲ್ಲೆ ಎರಡನೇ ಬಗೆಯ ಸೂಪರ್‌ಕಂಡಕ್ಟರ್. ಕ್ಷೇತ್ರ ಸ್ವಲ್ಪ ಜೋರಾದರೆ ಇದು ಪೂರ್ತಿ ಹೊರಗೆ ಹಾಕುವುದಿಲ್ಲ, ಸಣ್ಣ ಸಣ್ಣ ಎಳೆಗಳಾಗಿ ಒಳಗೆ ಬಿಟ್ಟುಕೊಳ್ಳುತ್ತದೆ. ಪ್ರತಿ ಎಳೆಯ ಸುತ್ತ ಕರೆಂಟ್ ಸುಳಿಯ ಹಾಗೆ ಸುತ್ತುತ್ತದೆ. 1957ರಲ್ಲಿ ಅಬ್ರಿಕೊಸೊವ್ ಎಂಬ ವಿಜ್ಞಾನಿ ಇದನ್ನು ಲೆಕ್ಕ ಹಾಕಿ ಹೇಳಿದರು. ಅದಕ್ಕೆ 2003ರಲ್ಲಿ ನೊಬೆಲ್ ಪಾಲು ಸಿಕ್ಕಿತು. ಎಲ್ಲ ಸುಳಿಗಳಲ್ಲೂ ಇರುವ ಕಾಂತದ ಅಳತೆ ಒಂದೇ, ಹೆಚ್ಚಿಲ್ಲ ಕಡಿಮೆ ಇಲ್ಲ. ಕಾಂತಕ್ಷೇತ್ರವನ್ನು ಟೆಸ್ಲಾ ಎಂಬ ಮಾನದಲ್ಲಿ ಅಳೆಯುತ್ತಾರೆ. ಬಿಲ್ಲೆಯ ಒಳಗೆ ಒಂದು ಟೆಸ್ಲಾದ ಹತ್ತನೇ ಒಂದು ಭಾಗದಷ್ಟು ಕ್ಷೇತ್ರ ಇದೆ ಅಂದುಕೊಳ್ಳಿ, ಒಂದು ಚದರ ಸೆಂಟಿಮೀಟರಿನಲ್ಲಿ ಸುಮಾರು 480 ಕೋಟಿ ಸುಳಿ ಇರುತ್ತವೆ. ಈ ಲೆಕ್ಕವನ್ನು ಮಕ್ಕಳ ಕೈಯಲ್ಲೇ ಮಾಡಿಸಿ, ಆ ಜಾಗದ ಒಟ್ಟು ಕಾಂತವನ್ನು ಒಂದು ಸುಳಿಯ ಅಳತೆಯಿಂದ ಭಾಗಿಸಿದರೆ ಆಯಿತು, ಎರಡು ನಿಮಿಷದ ಭಾಗಾಕಾರ.

ಹಿಡಿತ ಬರುವುದು ಈ ಸುಳಿಗಳು ಸಿಕ್ಕಿಕೊಳ್ಳುವುದರಿಂದ. ದೊಡ್ಡ ಬಿಲ್ಲೆಯ ಒಳಗೆ ಬೇರೆ ಮಿಶ್ರಣದ ಪುಟ್ಟ ಹಸಿರು ಕಣಗಳನ್ನು ಬೇಕಂತಲೇ ಬಿಟ್ಟಿರುತ್ತಾರೆ. ಆ ಕಣಗಳಿಗೆ ಸೂಪರ್‌ಕಂಡಕ್ಟರ್ ಗುಣ ಇಲ್ಲ. ಸುಳಿ ಅಂಥ ಜಾಗದಲ್ಲಿ ಹೋಗಿ ಕೂತುಬಿಟ್ಟರೆ ಅಲ್ಲಿಂದ ಕದಲುವುದಿಲ್ಲ. ಜಾಲಿ ಮುಳ್ಳಿಗೆ ಸೆರಗು ಸಿಕ್ಕಿಕೊಂಡ ಹಾಗೆ ಅಂತ ನಾನು ಕ್ಲಾಸಿನಲ್ಲಿ ಹೇಳಿದೆ. ಮುಂದೆ ಹೋದರೂ ಎಳೆಯುತ್ತದೆ, ಪಕ್ಕಕ್ಕೆ ಹೋದರೂ ಎಳೆಯುತ್ತದೆ. ಆಯಸ್ಕಾಂತವನ್ನು ಹತ್ತಿರ ತಂದರೆ ಬಿಲ್ಲೆಯಲ್ಲಿ ಹೊಸ ಕರೆಂಟ್ ಹುಟ್ಟಿ ತಳ್ಳುತ್ತದೆ. ದೂರ ಒಯ್ದರೆ ಅದೇ ಕರೆಂಟ್ ದಿಕ್ಕು ಬದಲಿಸಿ ಎಳೆಯುತ್ತದೆ. ತಣಿದಾಗ ಎಷ್ಟು ಕ್ಷೇತ್ರ ಒಳಗಿತ್ತೋ ಅಷ್ಟೇ ಉಳಿಯಲಿ ಅನ್ನುವುದೇ ಬಿಲ್ಲೆಯ ಹಟ.

ಚಿಕ್ಕ ಬಿಲ್ಲೆಯ ಮೇಲೆ ಆಯಸ್ಕಾಂತ ತಾನಾಗಿ ಎದ್ದದ್ದು ಯಾಕೆ ಅಂತ ಈಗ ತಿಳಿಯಿತು. ಅದರಲ್ಲಿ ಹಿಡಿತ ಕಡಿಮೆ, ಹಾಗಾಗಿ ಕ್ಷೇತ್ರದ ಒಂದು ಪಾಲು ಹೊರಗೆ ಹೋಗುತ್ತದೆ. ದೊಡ್ಡದರಲ್ಲಿ ಹಿಡಿತ ಎಷ್ಟು ಬಿಗಿ ಅಂದರೆ ಆಯಸ್ಕಾಂತ ಇಟ್ಟಲ್ಲೇ ಉಳಿಯುತ್ತದೆ. ಏಳದೇ ಇರುವುದೇ ಅದು ಒಳ್ಳೆಯ ಬಿಲ್ಲೆ ಅನ್ನುವುದಕ್ಕೆ ಸಾಕ್ಷಿ. ಕಾಗದ ಚಿಕ್ಕ ಬಿಲ್ಲೆಗೆ ಬರೆದದ್ದು. ಅದನ್ನೇ ದೊಡ್ಡ ಡಬ್ಬಿಗೂ ಹಾಕಿದ್ದಾರೆ.

ದೊಡ್ಡದನ್ನು ಸರಿಯಾಗಿ ತೋರಿಸುವ ಕ್ರಮ ಹೀಗೆ. ಬಿಲ್ಲೆಯ ಮೇಲೆ ಒಂದು ಸೆಂಟಿಮೀಟರ್ ದಪ್ಪ ರಟ್ಟು ಇಟ್ಟು ಅದರ ಮೇಲೆ ಆಯಸ್ಕಾಂತ ಇಡಿ. ನೈಟ್ರೋಜನ್ ಸ್ವಲ್ಪ ಸ್ವಲ್ಪವೇ ಸುರಿಯಿರಿ, ಒಮ್ಮೆಲೇ ಸುರಿದರೆ ಬಿಲ್ಲೆ ಬಿರುಕು ಬಿಡಬಹುದು. ಕುದಿತ ಪೂರ್ತಿ ನಿಂತ ಮೇಲೆ ರಟ್ಟು ಎಳೆಯಿರಿ. ಆಯಸ್ಕಾಂತ ಅಲ್ಲೇ ನಿಲ್ಲುತ್ತದೆ. ಬೆರಳಿಂದ ಒತ್ತಿದರೆ ಸ್ಪ್ರಿಂಗಿನ ಹಾಗೆ ವಾಪಸ್ ಬರುತ್ತದೆ. ಮೇಲೆತ್ತಿದರೆ ಬಿಲ್ಲೆ ಕೆಳಗೆ ತೂಗಾಡುತ್ತದೆ, ನಡುವೆ ಬರೀ ಗಾಳಿ. ನಮ್ಮಲ್ಲಿ ಹತ್ತು-ಹದಿನೈದು ಸೆಕೆಂಡು ತೂಗುತ್ತದೆ. ಬಿಸಿಯಾಗಿ 93 ಕೆಲ್ವಿನ್ ದಾಟಿದ ಕೂಡಲೇ ತಟ್ಟನೆ ಬೀಳುತ್ತದೆ. ಕೆಳಗೆ ಮಡಚಿದ ಟವೆಲ್ ಇರಲಿ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಮಾತ್ರ ಬೇರೆ. ನಾಣ್ಯದ ಆಕಾರದ ಆಯಸ್ಕಾಂತ ತೇಲುತ್ತಿರುವಾಗ ಅಂಚಿಗೆ ಮೆಲ್ಲಗೆ ತಟ್ಟಿದರೆ ತಿರುಗುತ್ತಲೇ ಇರುತ್ತದೆ, ತುಂಬಾ ಹೊತ್ತು. ಅದನ್ನು ತೆಗೆದು ಚೌಕದ ಆಯಸ್ಕಾಂತ ಇಟ್ಟು ಮತ್ತೆ ತಣಿಸಿ. ಈಗ ತಿರುಗಿಸಿದರೆ ಸ್ವಲ್ಪ ತಿರುಗಿ ವಾಪಸ್ ಬರುತ್ತದೆ. ದುಂಡಗಿನದು ಎಷ್ಟು ತಿರುಗಿದರೂ ಬಿಲ್ಲೆಯ ಕಣ್ಣಿಗೆ ಕ್ಷೇತ್ರ ಒಂದೇ ಥರ. ಚೌಕಕ್ಕೆ ಮೂಲೆಗಳಿವೆ. ತಿರುಗಿದರೆ ಕ್ಷೇತ್ರ ಬದಲಾಗುತ್ತದೆ, ಬದಲಾಗಲು ಬಿಲ್ಲೆ ಬಿಡುವುದಿಲ್ಲ. ಚೌಕದ ಆಯಸ್ಕಾಂತ ಕಿಟ್‌ನಲ್ಲಿ ಬರುವುದಿಲ್ಲ, ಬೇರೆ ಕೊಂಡೆ. ದಯವಿಟ್ಟು ಕೊಳ್ಳಿ. ಸುಮ್ನೆ ತೇಲುವುದನ್ನು ನೋಡಿ 'ವಾವ್' ಅಂದ ಮಕ್ಕಳು, ಚೌಕ ವಾಪಸ್ ತಿರುಗಿದಾಗ 'ಯಾಕೆ' ಅಂತ ಕೇಳಲು ಶುರು ಮಾಡುತ್ತಾರೆ.

ಕಾಗದದ ಹಿಂದೆ ಜಪಾನಿನ ತೇಲಿ ಓಡುವ ರೈಲಿನ ಚಿತ್ರ ಇದೆ, 'ಇದೇ ತತ್ವದಿಂದ ಓಡುತ್ತದೆ' ಅಂತ. ಅದೂ ಸರಿಯಿಲ್ಲ. 2015ರಲ್ಲಿ ಗಂಟೆಗೆ 603 ಕಿಲೋಮೀಟರ್ ಓಡಿದ ಆ ರೈಲಿನಲ್ಲಿ ಸೂಪರ್‌ಕಂಡಕ್ಟರ್ ತಂತಿಯ ಸುರುಳಿಗಳು ಬಲವಾದ ಆಯಸ್ಕಾಂತದ ಕೆಲಸ ಮಾಡುತ್ತವೆ, ಅಷ್ಟೇ. ಹಳಿಯ ಪಕ್ಕದ ಗೋಡೆಯಲ್ಲಿ ಮಾಮೂಲಿ ಸುರುಳಿಗಳಿವೆ. ರೈಲು ವೇಗವಾಗಿ ದಾಟಿದಾಗ ಅವುಗಳಲ್ಲಿ ಕರೆಂಟ್ ಹುಟ್ಟಿ ರೈಲನ್ನು ಎತ್ತುತ್ತದೆ. ನಿಧಾನಕ್ಕೆ ಹೋಗುವಾಗ ಅದು ರಬ್ಬರ್ ಚಕ್ರದ ಮೇಲೇ ಓಡುತ್ತದೆ. ನನ್ನ ಬಟ್ಟಲಲ್ಲಿ ಆಯಸ್ಕಾಂತ ನಿಂತಲ್ಲೇ ತೇಲುತ್ತದೆ. ಎರಡೂ ಬೇರೆ.

2023ರಲ್ಲಿ ಕೊರಿಯಾದವರ ಎಲ್‌ಕೆ-99 ಸುದ್ದಿ ಎಲ್ಲರ ಫೋನಿಗೂ ಬಂದಿತ್ತಲ್ಲ, ಕೋಣೆಯ ಬಿಸಿಯಲ್ಲೇ ಸೂಪರ್‌ಕಂಡಕ್ಟರ್ ಅಂತ? ಹುಡುಗರು ಆ ವಿಡಿಯೋ ತೋರಿಸಿದರು. ಅದರಲ್ಲಿ ತೇಲುವಂತೆ ಕಾಣುವ ಚೂರಿನ ಒಂದು ಅಂಚು ಆಯಸ್ಕಾಂತಕ್ಕೆ ತಾಗಿಯೇ ಇತ್ತು. ಬೇರೆ ಲ್ಯಾಬ್‌ಗಳು ಪರೀಕ್ಷಿಸಿದಾಗ ಅದು ಸೂಪರ್‌ಕಂಡಕ್ಟರ್ ಅಲ್ಲ ಅಂತ ಗೊತ್ತಾಯಿತು. ಈ ವರ್ಷದ ಬ್ಯಾಚಿಗೆ ಅದೇ ವಿಡಿಯೋ ತೋರಿಸಿದೆ. ದೊಡ್ಡ ಬಿಲ್ಲೆಯನ್ನು ಕೈಯಾರೆ ಎತ್ತಿ ನೋಡಿದ್ದ ಒಬ್ಬಳು ತಕ್ಷಣ, "ಮೇಡಂ, ಇದು ಅರ್ಧ ಒರಗಿಕೊಂಡಿದೆ, ಹಿಡಿದಿಲ್ಲ. ತಲೆಕೆಳಗು ಮಾಡಿ ತೋರಿಸಲಿ" ಅಂದಳು.

ಯಾವುದು ಕೊಳ್ಳಬೇಕು? ದುಡ್ಡು ಇದ್ದರೆ ದೊಡ್ಡದು. ಆರ್ಡರ್ ಮಾಡುವ ಮುಂಚೆ ಬಿಲ್ಲೆಯ ಫೋಟೋ ಕೇಳಿ, ನಾಲ್ಕು ಗೆರೆ ಇದೆಯಾ ನೋಡಿ. ಚಿಕ್ಕದೊಂದೇ ಆಗುವುದಾದರೆ ಅದನ್ನಾದರೂ ಕೊಳ್ಳಿ, ಆಯಸ್ಕಾಂತ ತಾನಾಗಿ ಏಳುವುದನ್ನು ಅದರಲ್ಲೇ ನೋಡಲು ಸಾಧ್ಯ. ಹತ್ತಿರದ ಎರಡು ಮೂರು ಕಾಲೇಜು ಸೇರಿ ಎರಡನ್ನೂ ಕೊಂಡರೆ ಇನ್ನೂ ಒಳ್ಳೆಯದು, ನೈಟ್ರೋಜನ್ ಖರ್ಚೂ ಹಂಚಿಹೋಗುತ್ತದೆ. ಬಿಲ್ಲೆಗಳಿಗೆ 5ಕ್ಕೆ 5 ಕೊಡುತ್ತೇನೆ. ಚಿಮಟಕ್ಕೆ, ಬಟ್ಟಲಿಗೆ 2. ಕಾಗದಕ್ಕೆ 1.

ಅಂಗಡಿಯವರಿಗೆ ಎರಡು ಪುಟ ಹೊಸ ವಿವರಣೆ ಕನ್ನಡದಲ್ಲೇ ಬರೆದು ಕಳಿಸಿದ್ದೇನೆ. ಒಂದು ಪುಟ ಚಿಕ್ಕ ಬಿಲ್ಲೆಗೆ, ಒಂದು ದೊಡ್ಡದಕ್ಕೆ. ಮೇಲುಗಡೆ ಬಳೆ, ಉಂಗುರ, ಕಿಟಕಿ, ಮುಚ್ಚಳದ ಮಾತು. ದುಡ್ಡು ಬೇಡ, ಡಬ್ಬಿಯಲ್ಲಿ ಹಾಕಿದರೆ ಸಾಕು ಅಂತ ತಿಳಿಸಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ಅಲ್ಲಿಯವರೆಗೆ ನಮ್ಮ ಲ್ಯಾಬಿನ ಎರಡು ಡಬ್ಬಿಯ ಮುಚ್ಚಳದ ಒಳಗೂ ಅದರ ಪ್ರತಿ ಅಂಟಿಸಿದ್ದೇನೆ.